ಸುಗ್ರೀವನಿಗೆ ಪೂರ್ತಿ ಅಡ್ವಾನ್ಸ್ ಕೊಟ್ಟಿದ್ದು ಸರಿಯೇ?

ಪ್ರಶ್ನೆ (ತುಂಗಾತೀರ): ಸೀತೆಯನ್ನು ಹುಡುಕುವ ಕೆಲಸವನ್ನು ರಾಮ ಹೊರಗುತ್ತಿಗೆಗೆ ಕೊಟ್ಟ ಅಂತಿಟ್ಟುಕೊಳ್ಳಿ. ವಾಲಿವಧೆ ಆಯ್ತು, ಕಿಷ್ಕಿಂಧೆಯ ಪಟ್ಟವೂ ಸಿಕ್ತು, ಅಂದ್ರೆ ಕೂಲಿ ಪೂರ್ತಿ ಮುಂಗಡ. ಆಮೇಲೆ ನಾಲ್ಕು ತಿಂಗಳು ಗುತ್ತಿಗೆದಾರನ ಸುಳಿವೇ ಇಲ್ಲ. ಕೆಟ್ಟಿದ್ದೆಲ್ಲಿ? ವಾಲ್ಮೀಕಿ ಹಿಡಿದು ಹೇಳಿ, ಸೀರಿಯಲ್ ಬೇಡ.

ಗಮಕಪ್ರಿಯ: ಆ ನಾಲ್ಕು ತಿಂಗಳನ್ನು ಸುಗ್ರೀವನ ತಲೆಗೆ ಕಟ್ಟಬೇಡಿ. ಅದು ಮಳೆಗಾಲ. ಕಾರ್ತಿಕ ಬರಲಿ, ಆಮೇಲೆ ಶುರು ಮಾಡು ಅಂತ ರಾಮನೇ ಹೇಳಿ ಪ್ರಸ್ರವಣ ಗಿರಿಯ ಗುಹೆ ಸೇರಿದ್ದು. ಶರತ್ಕಾಲ ಬಂದ ಮೇಲೂ ಏನೂ ಆಗಿರಲಿಲ್ಲ ಅನ್ನೋದೂ ಪೂರ್ತಿ ನಿಜವಲ್ಲ. ಹನುಮಂತ ನೆನಪಿಸಿದ ಮೇಲೆ, 15 ರಾತ್ರಿಯೊಳಗೆ ಸೇನೆ ಕೂಡಿಸು ಅಂತ ನೀಲನಿಗೆ ಅಪ್ಪಣೆ ಹೋಗಿತ್ತು. ಸುದ್ದಿ ಮಾತ್ರ ಗಿರಾಕಿಗೆ ಮುಟ್ಟಲಿಲ್ಲ! ಲಕ್ಷ್ಮಣ ಬಂದು ಹೆದೆ ಮಿಡಿದದ್ದು ಅದಕ್ಕೇ. ತಾರೆ ಎದುರು ನಿಂತು ಸಮಾಧಾನ ಹೇಳದಿದ್ದರೆ ಒಪ್ಪಂದ ಅವತ್ತೇ ಹರಿದುಹೋಗ್ತಿತ್ತು.

ಹಳೇಗಡಿಯಾರ: ನನ್ನ ತಕರಾರು ಮುಂಗಡದ ಮೇಲಲ್ಲ, ದಂಡದ ಷರತ್ತಿನ ಮೇಲೆ. ಪೂರ್ವಕ್ಕೆ ವಿನತ, ದಕ್ಷಿಣಕ್ಕೆ ಅಂಗದ, ಪಶ್ಚಿಮಕ್ಕೆ ಸುಷೇಣ, ಉತ್ತರಕ್ಕೆ ಶತಬಲಿ. ಎಲ್ಲರಿಗೂ ಒಂದೇ ತಿಂಗಳ ಗಡುವು, ಮೀರಿದರೆ ತಲೆದಂಡ. ಫಲ ನೋಡಿ: ಮೂರು ತಂಡ ಹೇಳಿದ ಹೊತ್ತಿಗೆ ಬರಿಗೈಲಿ ವಾಪಸ್. ದಕ್ಷಿಣದವರು ಸ್ವಯಂಪ್ರಭೆಯ ಬಿಲದಲ್ಲಿ ಸಿಕ್ಕಿಬಿದ್ದು ಗಡುವು ಕಳೆದುಕೊಂಡರು. ಊರಿಗೆ ಹೋದರೆ ಕೊಲ್ತಾನೆ ಅಂತ ಅಂಗದ ಪ್ರಾಯೋಪವೇಶಕ್ಕೆ ಕೂತ. ಅಲ್ಲಿ ಸೀತೆಯ ಸುಳಿವು ಕೊಟ್ಟ ಹದ್ದು ಸಂಪಾತಿ ಸಿಗದಿದ್ದರೆ ಸರಿಯಾದ ದಿಕ್ಕಿಗೆ ಹೋಗಿದ್ದ ತಂಡವೇ ಉಪವಾಸ ಸತ್ತಿರುತ್ತಿತ್ತು. ಮಜಾ ಏನಂದ್ರೆ, ಸೀತೆಯ ಸುದ್ದಿ ಹೊತ್ತು ಬರುವಾಗ ಅವರು ಸುಗ್ರೀವನ ಜೇನುತೋಟ ಮಧುವನ ಲೂಟಿ ಮಾಡಿದರು ಅಂತ ಕಾವಲಿನ ದಧಿಮುಖ ದೂರು ತಂದಾಗ ಸುಗ್ರೀವನಿಗೆ ಖುಷಿಯೇ ಆಯ್ತು. ಕೆಲಸ ಆಗದೆ ಇಷ್ಟು ಧೈರ್ಯ ಬರೋದಿಲ್ಲ ಅಂತ ಅವನ ಲೆಕ್ಕ. ಗಡುವಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಸೇತುಬಂಧು: ಇದಕ್ಕಿಂತ ದೊಡ್ಡ ಎಡವಟ್ಟು ಕಡಲ ದಡದಲ್ಲಿದೆ. ರಾಮ ಮೂರು ರಾತ್ರಿ ದರ್ಭೆ ಹಾಸಿ ಸಮುದ್ರರಾಜನನ್ನು ಕಾದ, ಕೊನೆಗೆ ಬಾಣ ಹೂಡಿದ. ಆಗ ಸಮುದ್ರ ಬಂದು ಹೇಳಿದ್ದೇನು? ನಿನ್ನ ಸೇನೆಯಲ್ಲೇ ವಿಶ್ವಕರ್ಮನ ಮಗ ನಲ ಇದ್ದಾನೆ, ಅವನು ಕಟ್ಟಲಿ. ನಲನೋ, ಯಾರೂ ಕೇಳಲಿಲ್ಲ, ನನ್ನ ಗುಣ ನಾನೇ ಹೇಳಿಕೊಳ್ಳಬಾರದು ಅಂತ ಸುಮ್ಮನಿದ್ದನಂತೆ! ಪ್ರಚಲಿತ ಪಾಠದಲ್ಲಿ ದಿನದ ಲೆಕ್ಕವೂ ಇದೆ: 14, 20, 21, 22, 23. ಐದು ದಿನಕ್ಕೆ 100 ಯೋಜನ. ಮೊದಲ ದಿನ ಕಮ್ಮಿ, ಕೈ ಪಳಗಿದ ಮೇಲೆ ದಿನಕ್ಕೊಂದು ಯೋಜನ ಜಾಸ್ತಿ. ಲೆಕ್ಕ ಬರೆದವನಿಗೆ ಕಾಮಗಾರಿ ಗೊತ್ತಿತ್ತು.

ತುಂಗಾತೀರ: ಮಹಾಭಾರತದಲ್ಲಿ ಇಂಥ ಗುತ್ತಿಗೆ?

ಗಮಕಪ್ರಿಯ: ಶಲ್ಯ. ದಾರಿಯುದ್ದಕ್ಕೂ ಬಿಡಾರ ಹಾಕಿಸಿ ಉಪಚರಿಸಿ ದುರ್ಯೋಧನ ಅವನ ಮಾತು ಗಿಟ್ಟಿಸಿಕೊಂಡ. ಶಲ್ಯ ಅದೆಲ್ಲ ಧರ್ಮರಾಯನ ಏರ್ಪಾಡು ಅಂದುಕೊಂಡಿದ್ದ. ಅಲ್ಲಿಂದ ನೇರ ಅವನಲ್ಲಿಗೇ ಹೋಗಿ, ಕರ್ಣನ ಸಾರಥ್ಯ ಸಿಕ್ಕರೆ ಅವನ ತೇಜಸ್ಸು ಕುಗ್ಗಿಸ್ತೀನಿ ಅಂತ ಒಪ್ಪಿಬಂದ. ಸಂಬಳ ಇಲ್ಲಿ, ನಿಷ್ಠೆ ಅಲ್ಲಿ. ನಕುಲ ಸಹದೇವರ ಸೋದರಮಾವ ಅನ್ನೋದು ನೆನಪಿದ್ದೂ ಕುದುರೆಯ ಹಗ್ಗ ಕೊಟ್ಟರಲ್ಲ!

ಹಳೇಗಡಿಯಾರ: ಬರವಣಿಗೆಯ ಗುತ್ತಿಗೆ ಬಿಟ್ಟಿರಿ. ಅಲ್ಲಿ ವ್ಯಾಸ ಹೇಳಿದ, ಗಣಪತಿ ಬರೆದ. ಕನ್ನಡದ ಗದುಗಿನ ಭಾರತಕ್ಕೆ ಬರೋ ಹೊತ್ತಿಗೆ ಅದು ತಿರುಗುಮುರುಗು: ವೀರನಾರಾಯಣನೇ ಕವಿ, ಕುಮಾರವ್ಯಾಸ ಬರೀ ಲಿಪಿಕಾರ.