ಸಹಾಯ ಬೇಕು: ತಾಳಮದ್ದಳೆ ಚಂದಾಕ್ಕೆ ಯುಪಿಐ ಆಟೋಪೇ ಸೇರಿಸಬೇಕು

ನಮಸ್ಕಾರ. ಶಿರಸಿಯಿಂದ ತಾಳಮದ್ದಳೆ ಆಡಿಯೋಗಳ ಸಣ್ಣ ವೆಬ್‌ಸೈಟ್ ನಡೆಸುತ್ತೇವೆ, ತಿಂಗಳ ಚಂದಾ. ಈಗ ಕಾರ್ಡ್ ಮಾತ್ರ ಇದೆ. ಕುಮಟಾ, ಹೊನ್ನಾವರ ಕಡೆಯ ಕೇಳುಗರಲ್ಲಿ ಹಿರಿಯರೇ ಜಾಸ್ತಿ. ಕಾರ್ಡ್ ನಂಬರ್ ಹಾಕಿ ಅಂದರೆ ಹಿಂದೆ ಸರಿಯುತ್ತಾರೆ. ಯುಪಿಐ ಮಾತ್ರ ಮೀನು ಪೇಟೆಯಲ್ಲೂ ನಡೆಯುತ್ತದೆ, ಅಲ್ವಾ?

ಆಟೋಪೇ ಅಂದರೆ ಚಂದಾ ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುವುದು. ಅದರಲ್ಲಿ 15,000 ರೂಪಾಯಿವರೆಗೆ ಪ್ರತಿ ತಿಂಗಳು ಪಿನ್ ಬೇಡ, ಮೊದಲ ಸಲ ಒಪ್ಪಿಗೆ ಕೊಟ್ಟರೆ ಸಾಕು. ಹಣ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಹೋಗಬೇಕು. ಇಷ್ಟು ಗೊತ್ತು.

ತಲೆಬಿಸಿ ಇರುವುದು ಹಳೆಯ ಚಂದಾದಾರರದ್ದು. ಯುಪಿಐಗೆ ಬರುವವರು ಹೊಸದಾಗಿ ಒಪ್ಪಿಗೆ ಕೊಡಬೇಕು. ಆ ತಿಂಗಳು ಎರಡೂ ಕಡೆ ಹಣ ಹೋಗದಂತೆ ನೋಡಿಕೊಳ್ಳುವುದು ಹೇಗೆ? ಕಾರ್ಡಿನದ್ದು ಮೊದಲೇ ರದ್ದು ಮಾಡಬೇಕಾ, ಯುಪಿಐ ಸರಿಯಾದ ಮೇಲಾ? ಮಾಡಿದವರಿದ್ದರೆ ಹೇಳಿ ಮಾರಾಯ್ರೆ.