ಅಂಗಳವೋ ಹಿತ್ತಲೋ? ಮನೆಗಳ ನಡುವಿನ ಹಸಿರಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಊರಂಚಿನಲ್ಲಿ ಸಾಮಾನ್ಯ ಸಂಬಳದವರಿಗಾಗಿ, ಹಸಿರಿನ ಜೊತೆಗೇ ಹೊಂದಿಸಿ ಕಟ್ಟಿದ ಮನೆಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅದರಲ್ಲಿ ಮುಖ್ಯವಾಗಿ ಬರುವುದು ಅಮೆರಿಕದ ನ್ಯೂಜೆರ್ಸಿಯ ರಾಡ್‌ಬರ್ನ್. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ನಕ್ಷೆ ಹಾಕಿದ ಬಡಾವಣೆ ಅದು. 1929ರಲ್ಲಿ ಅಲ್ಲಿಗೆ ಜನ ವಾಸಕ್ಕೆ ಬಂದರು.

ಅಲ್ಲಿನ ಮನೆಗೆ ಎರಡು ಮುಖ. ಒಂದು ಕಡೆ ಚಿಕ್ಕ ಓಣಿ, ಅದು ಅಲ್ಲಿಗೇ ಮುಗಿಯುತ್ತದೆ. ಕಾರು ಬಂದು ನಿಲ್ಲುವುದು, ಸಾಮಾನು ಇಳಿಸುವುದು ಎಲ್ಲ ಆ ಕಡೆ. ಅಡುಗೆಮನೆಯೂ ಅತ್ತಲೇ. ಪಡಸಾಲೆ ಮಾತ್ರ ಇನ್ನೊಂದು ಕಡೆಗೆ ತಿರುಗಿದೆ. ಆ ಬಾಗಿಲು ದಾಟಿದರೆ ಮೊದಲು ಸ್ವಂತದ ಪುಟ್ಟ ತೋಟ, ಆಮೇಲೆ ಕಾಲುದಾರಿ. ಅದನ್ನು ಹಿಡಿದು ಹೋದರೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಹಸಿರು. ಆ ಹಸಿರನ್ನು ಏನೆಂದು ಕರೆಯಲಿ?

ನಮ್ಮಲ್ಲಿ ಮನೆಯ ಮುಂದಿದ್ದರೆ ಅಂಗಳ, ಹಿಂದಿದ್ದರೆ ಹಿತ್ತಲು. ಮನೆಗೆ ಮುಂದು ಹಿಂದು ಇದೆ ಎಂದು ನಂಬಿಕೊಂಡೇ ಈ ಎರಡು ಪದಗಳು ನಿಂತಿವೆ. ರಾಡ್‌ಬರ್ನ್‌ನಲ್ಲಿ ಅದೇ ಅದಲುಬದಲಾಗಿದೆ. ವಾಹನ ಬರುವ ಕಡೆಯೇ ಮುಂದು ಅಂದುಕೊಂಡರೆ ಹಸಿರು ಹಿತ್ತಲಾಗುತ್ತದೆ. ಪಡಸಾಲೆ ನೋಡುವ ಕಡೆ ಮುಂದು ಅಂದರೆ ಅದೇ ಅಂಗಳ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: 'ಮಕ್ಕಳು ಹಿತ್ತಲುಗಳನ್ನು ಹಾಯ್ದು ಶಾಲೆಗೆ ಹೋಗುತ್ತಾರೆ.' ಅಕ್ಕನಿಗೆ ಓದಲು ಕೊಟ್ಟೆ. 'ಯಾರದೋ ಹಿತ್ತಲಿಗೆ ಮಕ್ಕಳು ಯಾಕೆ ನುಗ್ತಾರೆ?' ಎಂದು ಕೇಳಿದಳು. ಅವಳು ಕೇಳಿದ್ದು ಸರಿ. ಹಿತ್ತಲು ಅಂದರೆ ಒಬ್ಬರದ್ದು, ಮರೆಯಲ್ಲಿರುವುದು. 'ಹಿತ್ತಲ ಗಿಡ ಮದ್ದಲ್ಲ' ಅನ್ನುವಾಗಲೂ ಅದು ನಮ್ಮದೇ ಗಿಡ, ಅದಕ್ಕೇ ಅಸಡ್ಡೆ, ಅಲ್ವಾ? ಹತ್ತಾರು ಮನೆಗಳಿಗೆ ಸೇರಿದ ಜಾಗಕ್ಕೆ ಈ ಪದ ಒಗ್ಗುವುದಿಲ್ಲ.

ಸುಮ್ನೆ 'ಪಾರ್ಕು' ಅಂದುಬಿಡಬಹುದು. ಆದರೆ ಪಾರ್ಕು ಅಂದ ಕೂಡಲೇ ಬೇಲಿ, ಗೇಟು, ಮುಚ್ಚುವ ಹೊತ್ತು ನೆನಪಾಗುತ್ತದೆ. ಮನೆ ಬೇರೆ, ಪಾರ್ಕು ಬೇರೆ ಅನ್ನಿಸುತ್ತದೆ. ರಾಡ್‌ಬರ್ನ್‌ನಲ್ಲಿ ಹಸಿರು ಆಮೇಲೆ ಸೇರಿಸಿದ್ದಲ್ಲ. ಓಣಿಗಳನ್ನು ಚಿಕ್ಕದು ಮಾಡಿ ರಸ್ತೆಗೆ, ಪೈಪುಗಳಿಗೆ ಆಗುವ ಖರ್ಚನ್ನು ಉಳಿಸಿದರು. ಆ ಉಳಿತಾಯವೇ ಹಸಿರಿನ ಖರ್ಚನ್ನು ತೂಗಿಸಿತು ಎಂಬುದು ಸ್ಟೈನ್ ಅವರ ಲೆಕ್ಕ. ನನಗೆ ಇಡೀ ಯೋಜನೆಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಪದದಲ್ಲೂ ಈ ಒಂದಾಗಿರುವಿಕೆ ಕಾಣಬೇಕು ಅನ್ನುವುದೇ ನನ್ನ ಹಟ.

'ಹಸಿರು ವಲಯ' ನೋಟಿಸಿನ ಭಾಷೆ. 'ಒಳಾಂಗಣ' ಅಂದರೆ ಚಾವಣಿಯ ಕೆಳಗಿನ ಕ್ರೀಡಾಂಗಣ ನೆನಪಿಗೆ ಬರುತ್ತದೆ. ಜರ್ಮನಿಯ ವಾಸ್ತುಶಿಲ್ಪಿ ಬ್ರೂನೋ ಟೌಟ್ ಮನೆಯಾಚೆಯ ಇಂಥ ಜಾಗವನ್ನು 'ಔಸೆನ್‌ವೋನ್‌ರೌಮ್' ಎಂದು ಕರೆದರು. ಹೊರಗಿನ ವಾಸದ ಕೋಣೆ ಎಂದರ್ಥ. ಅದರ ಜಾಡು ಹಿಡಿದು 'ಹೊರಪಡಸಾಲೆ' ಎಂದು ಬರೆದು ನೋಡಿದೆ. ಕೇಳಲು ಚೆನ್ನಾಗಿದೆ, ಆದರೆ ಹುಲ್ಲು, ಮರ ಕಣ್ಣಿಗೆ ಬರುವುದಿಲ್ಲ.

ಈಗ ಕೈಯಲ್ಲಿ ಉಳಿದಿರುವುದು 'ಕೂಡಂಗಳ'. ಕೂಡುಕುಟುಂಬದ 'ಕೂಡು' ಮತ್ತು ಅಂಗಳ ಸೇರಿದ್ದು. ಅಂಗಳದಲ್ಲಿ ನೆರೆಯವರು ಬಂದು ನಿಲ್ಲಬಹುದು, ಮಕ್ಕಳು ಆಡಬಹುದು, ಯಾರೂ 'ಯಾಕೆ ಬಂದೆ' ಅನ್ನುವುದಿಲ್ಲ. ಹಿತ್ತಲಿನಲ್ಲಿ ಇಲ್ಲದ ಸಲಿಗೆ ಇದರಲ್ಲಿದೆ.

ಇನ್ನೆರಡು ಪದ ಹೆಚ್ಚುಕಡಿಮೆ ಗಟ್ಟಿಯಾಗಿವೆ. 'ಅಗ್ಗದ ಮನೆ' ಅಂದರೆ ಕಳಪೆ ಅನ್ನಿಸುವುದರಿಂದ 'ಕೈಗೆಟುಕುವ ಮನೆ' ಮಾಡಿದ್ದೇನೆ. 'ಉಪನಗರ'ದ ಬದಲು 'ಊರಂಚಿನ ಬಡಾವಣೆ'. ಇವಕ್ಕೆ ತಕರಾರಿದ್ದರೂ ಹೇಳಿ.

ನನ್ನ ಸಾಲು ಈಗ ಹೀಗಿದೆ: 'ಪಡಸಾಲೆಗಳೆಲ್ಲ ಕೂಡಂಗಳದ ಕಡೆಗೆ ಮುಖ ಮಾಡಿವೆ.' ವಿವರಣೆ ಇಲ್ಲದೆ ಓದಿದರೆ ನಿಮ್ಮ ಕಣ್ಣಿಗೆ ಏನು ಕಾಣುತ್ತದೆ? ಹುಲ್ಲೋ, ಬರಿ ನೆಲವೋ? ಇಂಥ ಜಾಗಕ್ಕೆ ಬಳಕೆಯಲ್ಲೇ ಇರುವ ಪದ ಗೊತ್ತಿದ್ದರೆ, ನನ್ನದನ್ನು ಈಗಲೇ ಬಿಟ್ಟು ಅದನ್ನೇ ಹಾಕುತ್ತೇನೆ.