ಹೋಂಸ್ಟೇ ದುಡ್ಡು ಊರಲ್ಲೇ ಉಳಿಯೋದು ಹೇಗೆ?

ಪ್ರಶ್ನೆ:
ಊರಲ್ಲಿ ಅಜ್ಜನ ತೊಟ್ಟಿಮನೆ ಖಾಲಿ ಇದೆ. ಹೋಂಸ್ಟೇ ಮಾಡಬೇಕು ಅಂತಿದ್ದೇನೆ, ಆದರೆ ಲಾಭ ನನ್ನ ಜೇಬಿಗೆ ಬಂದು ಊರಿನವರಿಗೆ ಕಸ ಮಾತ್ರ ಉಳಿಯಬಾರದು. ನಮ್ಮ ಕಡೆ ಯಾರಾದರೂ ಹೀಗೆ ಮಾಡಿದ್ದಾರಾ?

ಉತ್ತರ 1:
ಆನೆಗೊಂದಿಗೆ ಹೋಗಿ ನೋಡಿ, ಹಂಪಿಯಿಂದ ತುಂಗಭದ್ರೆ ದಾಟಿದರೆ ಸಿಗುತ್ತದೆ. ಶಮಾ ಪವಾರ್ 1997ರಲ್ಲಿ ಅಲ್ಲಿ ಕಿಷ್ಕಿಂಧಾ ಟ್ರಸ್ಟ್ ಶುರು ಮಾಡಿದರು. ಸುತ್ತಮುತ್ತ ಬಾಳೆ ತೋಟ ಜಾಸ್ತಿ ಅಲ್ವಾ, ಗೊನೆ ಕಡಿದ ಮೇಲೆ ಸುಮ್ನೆ ಕೊಳೆಯುವ ದಿಂಡಿನ ಪಟ್ಟೆಯಿಂದ ನಾರು ತೆಗೆದು, ಒಣಗಿಸಿ, ಹುರಿ ಹೊಸೆದು ಹೆಂಗಸರು ಚೀಲ, ಬುಟ್ಟಿ, ಚಾಪೆ ಮಾಡುತ್ತಾರೆ. ಹಳೇ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುತ್ತಾರೆ. ನನಗೆ ತುಂಬಾ ಹಿಡಿಸಿದ್ದು ನಾರಿನ ಕೆಲಸ. ಆ ದುಡ್ಡಿಗೆ ರೂಮು ಭರ್ತಿಯಾಗಲಿ ಅಂತ ಕಾಯಬೇಕಿಲ್ಲ.

ಉತ್ತರ 2:
ಲಾಭದಲ್ಲಿ ಊರಿಗೆ ಪಾಲು ಎಷ್ಟು ಅಂತ ಮೊದಲೇ ಬರೆದಿಡಿ. ಮುಂಬೈನ ಧಾರಾವಿ ಕೊಳೆಗೇರಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ರಿಯಾಲಿಟಿ ಟೂರ್ಸ್ ಅನ್ನೋ ಕಂಪನಿ, ತನ್ನ ಲಾಭದ ಶೇ 80 ಭಾಗ ಅಲ್ಲಿನ ಜನರ ಕೆಲಸಕ್ಕೇ ಹೋಗುತ್ತದೆ ಅಂತ ಎಲ್ಲರಿಗೂ ಹೇಳಿಬಿಟ್ಟಿದೆ. ಫೋಟೊ ತೆಗೆಯೋಕೂ ಬಿಡೋದಿಲ್ಲ, ಅದು ನನಗೆ ದುಡ್ಡಿಗಿಂತ ದೊಡ್ಡ ಮರ್ಯಾದೆ ಅನಿಸುತ್ತದೆ.

ಪ್ರಶ್ನೆ ಕೇಳಿದವರು:
ನಮ್ಮಲ್ಲಿ ಬಾಳೆ ಇಲ್ಲ, ಅಡಿಕೆ ಹಾಳೆ ರಾಶಿ ಇದೆ. ಮೊದಲು ಪಕ್ಕದ ಮನೆಯವರನ್ನು ಕೂರಿಸಿ ಮಾತಾಡುತ್ತೇನೆ.